ಆಸ್ಸೆ ಗಣಿಯಲ್ಲಿ ಎರಡು ಟ್ಯಾಂಕರ್ ನೀರು

"ಮಾವ, ಕೋಟೆ, ಚರ್ಚು ಆಮೇಲೆ ನೋಡೋಣ. ನಿಮಗೆ ಗಣಿ ತೋರಿಸ್ತೀನಿ" ಅಂದ, ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಓದುತ್ತಿರುವ ಸೋದರಳಿಯ. ಕೋಲಾರದ ಚಿನ್ನದ ಗಣಿಯ ಪಕ್ಕದ ಬಂಗಾರಪೇಟೆಯಲ್ಲಿ ಬೆಳೆದ ನಾನು ಗಣಿ ಬೇಡ ಅನ್ನುವುದುಂಟೆ?

ರೆಮ್ಲಿಂಗೆನ್ ಎಂಬ ಹಳ್ಳಿ, ಸುತ್ತ ಹೊಲ, ಪಕ್ಕದಲ್ಲಿ ಕಾಡು ಹೊದ್ದ ಉದ್ದನೆಯ ಗುಡ್ಡ. ಆ ಗುಡ್ಡವೇ ಆಸ್ಸೆ. ಮೇಲುಡುಪು, ಹೆಲ್ಮೆಟ್, ವಿಕಿರಣ ಅಳೆಯುವ ಪುಟ್ಟ ಪೆಟ್ಟಿಗೆ ಕೊಟ್ಟರು. ಕೇಜ್, ಅಂದರೆ ಗಣಿಯ ಲಿಫ್ಟು, 490 ಮೀಟರ್ ಇಳಿಯುವಷ್ಟರಲ್ಲಿ ಕಿವಿ ಕಟ್ಟಿತು. ಕೆಳಗೆ ನಮ್ಮ ಏಪ್ರಿಲ್ ಸೆಖೆ. ಗೋಡೆ ಸವರಿದ ಬೆರಳನ್ನು ನಾಲಿಗೆಗಿಟ್ಟರೆ, ಅಡುಗೆಮನೆಯ ಉಪ್ಪೇ.

1909ರಿಂದ 1964ರವರೆಗೆ ಇದು ಉಪ್ಪಿನ ಗಣಿ. ಆಮೇಲೆ ಸರ್ಕಾರ ಕೊಂಡು, 'ಸಂಶೋಧನೆ' ಎಂಬ ಹೆಸರಿನಲ್ಲಿ 1967ರಿಂದ 1978ರ ನಡುವೆ ಸುಮಾರು 1,26,000 ಡ್ರಮ್ ಅಣುತ್ಯಾಜ್ಯ ಇಳಿಸಿತು. ಮೊದಮೊದಲು ನೀಟಾಗಿ ಜೋಡಿಸಿದ್ದರಂತೆ. ಆಮೇಲೆ ಲೋಡರ್‌ನಲ್ಲಿ ತಂದು ಅಂಚಿನಿಂದ ಉರುಳಿಸಿ, ಮೇಲೆ ಉಪ್ಪು ಸುರಿದದ್ದೇ. ಆ ಹಳೇ ಫೋಟೊ ನೋಡಿ ನಮ್ಮ ಬೀದಿಯ ಕಸದ ಲಾರಿ ನೆನಪಾಯಿತು.

ಉಪ್ಪಿನ ಬಂಡೆ ಒಣಗಿರುತ್ತದೆ, ಭಾರಕ್ಕೆ ಮೆಲ್ಲಗೆ ಸರಿದು ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಉಪ್ಪಿಗೆಂದು ತೋಡಿದವರಿಗೆ ತ್ಯಾಜ್ಯದ ಯೋಚನೆ ಎಲ್ಲಿತ್ತು? ದಕ್ಷಿಣದ ಕಡೆ ಹೊರಗಿನ ಬಂಡೆಯ ತೀರ ಹತ್ತಿರಕ್ಕೆ ಕೊರೆದುಬಿಟ್ಟಿದ್ದರು. ಟೊಳ್ಳಾದ ಗುಡ್ಡ ಜರುಗಿ ನೀರಿಗೆ ದಾರಿಯಾಯಿತು. 1988ರಿಂದ ಸೋರುತ್ತಿದೆ. ವರ್ಷಗಟ್ಟಲೆ ದಿನಕ್ಕೆ ಸುಮಾರು 12,000 ಲೀಟರ್. ಬೆಂಗಳೂರಿನ ಭಾಷೆಯಲ್ಲಿ ದಿನಾ ಎರಡು ಟ್ಯಾಂಕರ್.

658 ಮೀಟರ್ ಆಳದಲ್ಲಿ ಆ ನೀರನ್ನು ಹಿಡಿಯುವ ಜಾಗಕ್ಕೆ ಕರೆದೊಯ್ದರು. ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿ, ಅದರಲ್ಲಿ ತಿಳಿನೀರು, ಒಂದು ಪೈಪು. ಅಷ್ಟೇ. ಡ್ರಮ್‌ಗಳ ಕೋಣೆಗಳು ಬಹುಪಾಲು ಇನ್ನೂ ಕೆಳಗೆ, 750 ಮೀಟರ್‌ನಲ್ಲಿ.

2012ರಲ್ಲಿ, ಕೂಡಂಕುಳಂ ಅಣುಸ್ಥಾವರದ ಕೇಸಿನಲ್ಲಿ, ಅಣುತ್ಯಾಜ್ಯಕ್ಕೆ ಕೋಲಾರದ ಚಿನ್ನದ ಗಣಿ ಎಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ನಮ್ಮ ಕಡೆ ಜನ ಬೀದಿಗಿಳಿದಿದ್ದರು. ಅಂಥ ಯೋಜನೆಯಿಲ್ಲ ಎಂದು ಕೇಂದ್ರ ಹೇಳಿ ಮಾತು ಮುಗಿಸಿತು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡಿದೆ. ಖಾಲಿ ಇದೆಯಲ್ಲ, ಹಾಕೋಣ ಅನ್ನುವವರು ಒಮ್ಮೆ ಈ ಗುಂಡಿಯ ಮುಂದೆ ನಿಲ್ಲಬೇಕು.

ಆಸ್ಸೆಯ ಡ್ರಮ್‌ಗಳನ್ನೆಲ್ಲ ವಾಪಸ್ ಎತ್ತಬೇಕೆಂದು 2013ರಲ್ಲಿ ಕಾನೂನಾಯಿತು. ಅದಕ್ಕೆ ಹೊಸದೊಂದು ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ಕೊರೆಯಬೇಕು. "ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?" ಅಂತ ಅಳಿಯನ ಮೂಲಕ ಕೇಳಿಸಿದೆ. ವಿಕಿರಣ ಇಲ್ಲವೆಂದು ಪರೀಕ್ಷಿಸಿ, ಕೆಲಕಾಲ ಇನ್ನೊಂದು ಹಳೇ ಉಪ್ಪಿನ ಗಣಿಗೆ ತುಂಬಿಸಿದರಂತೆ.

ಮೇಲೆ ಬಂದು ಪೆಟ್ಟಿಗೆ ಹಿಂತಿರುಗಿಸಿದೆವು. ಸೊನ್ನೆ. ಬಸ್ಸು ಹತ್ತಿದ ಮೇಲೂ ತುಟಿ ಉಪ್ಪುಪ್ಪಾಗಿತ್ತು.