ಸಿಂಹದ ಬಾಯಲ್ಲಿ ಪಾರಿವಾಳ

ಭಾನುವಾರ ಮುಂಬೈಯ ಮಾಟುಂಗಾದಲ್ಲಿ ಇಡ್ಲಿ ತಿಂದು, ಊರಿಂದ ಬಂದಿದ್ದ ಸೋದರಮಾವನ ಜೊತೆ ಫೋರ್ಟ್ ಕಡೆ ಹೋಗಿದ್ದೆ. ಅಲ್ಲೊಂದು ಹಳೇ ಕಲ್ಲಿನ ಕಟ್ಟಡ. ಮೇಲೆ ಕೆತ್ತಿದ ಸಿಂಹದ ಮುಖ, ಅದರ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಫುಟ್‌ಪಾತ್ ಮೇಲೆ ನಿಂತು ಕ್ಯಾಮೆರಾ ಎತ್ತಿದ್ದೇ ತಡ, ವಾಚ್‌ಮನ್ ಓಡಿ ಬಂದ. "ಫೋಟೋ ಅಲೌಡ್ ನಹೀ." ಎದುರಿಗೇ ನಿಂತು ಡಿಲೀಟ್ ಮಾಡಿಸಿದ.

ಪಕ್ಕದಲ್ಲೇ ಕಾಲೇಜು ಹುಡುಗಿಯರು ಅದೇ ಸಿಂಹದ ಕೆಳಗೆ ಸೆಲ್ಫಿ ತೆಗೆಯುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಲೆನ್ಸ್ ಉದ್ದ ಇದ್ದರೆ ಅನುಮಾನ ಜಾಸ್ತಿ, ಅಷ್ಟೇ. ಗೇಟಿನ ಸಿಸಿಟಿವಿ ಮಾತ್ರ ನನ್ನನ್ನು ಒಂದು ಮಾತೂ ಕೇಳದೆ ಸೆರೆಹಿಡಿಯುತ್ತಿತ್ತು!

ವಾಚ್‌ಮನ್ ಮೇಲೆ ಸಿಟ್ಟಿಲ್ಲ. 2008ರ ನವೆಂಬರ್ 26ರ ಉಗ್ರರ ದಾಳಿ ಕಂಡ ಊರು, ಭಯ ಇರೋದೇ. ಆದರೆ ಆ ರಾತ್ರಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಉಗ್ರ ಕಸಬ್‌ನ ಚಿತ್ರ ತೆಗೆದದ್ದೂ ಒಬ್ಬ ಫೋಟೋಗ್ರಾಫರ್ ಅಲ್ವಾ, ಸೆಬಾಸ್ಟಿಯನ್ ಡಿಸೋಜಾ. ಆ ಚಿತ್ರಗಳು ಕೋರ್ಟಿನಲ್ಲಿ ಸಾಕ್ಷಿಯಾದವು.

ಬ್ರಿಟಿಷರ ಕಾಲದ, 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ 'ಸ್ಕೆಚ್' ಅಂದರೆ ಫೋಟೋನೂ ಸೇರಿದೆ. ಸೈನ್ಯದ ಜಾಗ, ನೌಕಾನೆಲೆ ಅಂದರೆ ಒಪ್ಪೋಣ. ರಸ್ತೆಯಿಂದ ಎಲ್ಲರಿಗೂ ಕಾಣುವ ಪಾರಿವಾಳದಲ್ಲಿ ಏನು ರಹಸ್ಯ? ನನ್ನ ಕಾರ್ಡಿನಿಂದ ಅದನ್ನು ಅಳಿಸಲು ಇವನಿಗೆ ಹೇಳಿದ್ದಾದರೂ ಯಾರು?

ಟ್ಯಾಕ್ಸಿ ಹತ್ತಿದ ಮೇಲೆ ಮಾವ ಮೆಲ್ಲಗೆ ಮೊಬೈಲ್ ತೆಗೆದರು. "ನಾನು ಸುಮ್ನೆ ಒಂದು ಹೊಡೆದಿಟ್ಟಿದ್ದೆ ಕಣೋ." ಅರ್ಧ ಸಿಂಹ, ಇನ್ನರ್ಧ ಅವರ ಹೆಬ್ಬೆರಳು.