ಐವತ್ತು ಸಾವಿರದ ಚೆಕ್ಕು

“ಕೆಲಸ ಮುಗಿದಿದ್ದು ಯಾವಾಗ?” ಅಂತ ವಕೀಲರು ಕೇಳಿದರು. “ಯುಗಾದಿ ಆದಮೇಲೆ ಮೇಡಂ” ಅಂದೆ. “ಯಾವ ಯುಗಾದಿ?” ಬೆರಳು ಮಡಚಿ ಎಣಿಸಿದೆ. 2022ರದು. ಅವರು ಪೆನ್ನು ಕೆಳಗಿಟ್ಟು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರು. ಅದರಲ್ಲಿ 2025ರ ಜೂನ್ ತಿಂಗಳಿತ್ತು.

ನನ್ನದು ಗಾರೆ ಕೆಲಸ. ಪ್ಲಾಸ್ಟರಿಂಗ್ ಲೇಬರ್ ಕಾಂಟ್ರಾಕ್ಟು. ಸಿಮೆಂಟು, ಮರಳು ಬಿಲ್ಡರ್ ಕಡೆಯದು. ಆಳು, ಕರಣೆ, ಸಾರ್ವೆ ನನ್ನದು. ಗೋಡೆ ಅರ್ಧ ಇಂಚು ಓರೆ ಇದ್ದರೂ ಬಾಗಿಲಲ್ಲಿ ನಿಂತೇ ಹೇಳುತ್ತೇನೆ. ಮಾಡಿದ ಕೆಲಸದ ದುಡ್ಡು ಕೇಳೋದು ಮಾತ್ರ ಇವತ್ತಿಗೂ ಸರಿಯಾಗಿ ಬರಲ್ಲ. ಗಂಟಲು ಕಟ್ಟುತ್ತೆ.

ಸರ್ಜಾಪುರ ರಸ್ತೆ ಕಡೆ 24 ಮನೆಗಳ ಅಪಾರ್ಟ್‌ಮೆಂಟು. ಒಳಗೋಡೆ 62,000 ಚದರ ಅಡಿ, ಅಡಿಗೆ 19 ರೂಪಾಯಿ. ಹೊರಗೋಡೆ 21,000 ಅಡಿ, 27 ರೂಪಾಯಿ. ಒಟ್ಟು 17,45,000. ಕೆಲಸ ನಡೆಯುತ್ತಿದ್ದಾಗ ರನ್ನಿಂಗ್ ಬಿಲ್ಲಲ್ಲಿ 9,61,000 ಬಂತು. ಉಳಿದ 7,84,000ಕ್ಕೆ ಫೈನಲ್ ಬಿಲ್ ಕೊಟ್ಟೆ. ಅಲ್ಲಿಂದ ಶುರುವಾಯಿತು ನೋಡಿ.

ಎಂಜಿನಿಯರ್ ರಜೆ. ಬಿಲ್ಲು ಮೇಲಿನ ಆಫೀಸಿಗೆ ಹೋಗಿದೆ. ಆಷಾಢದಲ್ಲಿ ಫ್ಲಾಟ್ ಯಾರೂ ರಿಜಿಸ್ಟರ್ ಮಾಡಿಸಲ್ಲ ಮೇಸ್ತ್ರಿ, ಶ್ರಾವಣ ಬರಲಿ. ಶ್ರಾವಣ ಬಂತು, ಹೋಯಿತು. ಆಮೇಲೆ ಪಿತೃಪಕ್ಷ. ನಮ್ಮಲ್ಲಿ ಶನಿವಾರ ಬಟವಾಡೆ. ರಾಯಚೂರು ಕಡೆಯ ಹದಿನಾಲ್ಕು ಜನ ಹುಡುಗರು ಸಂಜೆ ಕೈಕಾಲು ತೊಳೆದುಕೊಂಡು ಸಾಲಾಗಿ ಕೂರುತ್ತಾರೆ. ಅವರಿಗೆ ಆಷಾಢ ಗೀಷಾಢ ಹೇಳಕ್ಕಾಗುತ್ತಾ? ಹೆಂಡತಿಯ ಸರ ಮತ್ತು ಎರಡು ಬಳೆ ಅಡಕ್ಕೆ ಹೋದವು.

ಜಗಳ ಯಾಕೆ ಮಾಡಲಿಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಮಾಡಿದರೆ ಮುಂದಿನ ಕೆಲಸ ಹೋಗುತ್ತೆ ಅನ್ನೋ ಭಯ, ಅಷ್ಟೇ. ಒಬ್ಬರು “ನಾಲ್ಕು ಹುಡುಗರನ್ನ ಕಳಿಸ್ಲಾ?” ಅಂದರು. ಬೇಡ ಅಂದೆ. ಠಾಣೆಯಲ್ಲಿ ಇದು ಸಿವಿಲ್ ವಿಷಯ ಅಂದರು. ಹಾಗೆ ಸುತ್ತಾಡಿ, ಕೊನೆಗೆ ಟೈಲ್ಸ್ ಕೆಲಸದ ಗೆಳೆಯನೊಬ್ಬ ಈ ವಕೀಲರ ಹತ್ತಿರ ಕರೆದುಕೊಂಡು ಹೋದ.

ಮೇಡಂ ಹೇಳಿದ್ದು ಇಷ್ಟು. ದುಡ್ಡು ಕೊಡೋ ದಿನ ಇಂಥದ್ದು ಅಂತ ಮೊದಲೇ ಗೊತ್ತು ಮಾಡಿಕೊಂಡಿಲ್ಲ ಅಂದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. 1963ರ ಲಿಮಿಟೇಷನ್ ಕಾಯ್ದೆ. ನನ್ನ ಮೂರು ವರ್ಷ ಏಪ್ರಿಲಿಗೇ ಮುಗಿದಿತ್ತು. ಎರಡು ತಿಂಗಳು ತಡ. ನಾನು ಮರ್ಯಾದೆಯಿಂದ ಕಾಯುತ್ತಾ ಕೂತಿದ್ದೆ, ಗಡಿಯಾರ ನನಗಾಗಿ ಕಾಯಲಿಲ್ಲ.

“ಮಧ್ಯದಲ್ಲಿ ಏನಾದ್ರೂ ಕೊಟ್ಟಿದ್ದಾರಾ?”

ಕೊಟ್ಟಿದ್ದರು. 2023ರ ಅಕ್ಟೋಬರ್, ಆಯುಧಪೂಜೆಗೆ ಮೂರು ದಿನ ಮುಂಚೆ. ಹುಡುಗರಿಗೆ ಬೋನಸ್ ಕೊಡಬೇಕು ಅಂತ ಆಫೀಸ್ ಮುಂದೆ ಬೆಳಗಿನಿಂದ ನಿಂತಿದ್ದೆ. ಸಂಜೆ ಐವತ್ತು ಸಾವಿರದ ಒಂದು ಚೆಕ್ಕು ಕೈಗಿಟ್ಟರು. ಏಳೂಮುಕ್ಕಾಲು ಲಕ್ಷ ಚಿಲ್ಲರೆಗೆ ಐವತ್ತು ಸಾವಿರ! ಬಸ್ಸಲ್ಲಿ ಕೂತು ಸಿಟ್ಟಿಗೆ ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದೆ. “ನೋಡು, ಇದು ನನ್ನ ಬೆಲೆ” ಅಂತ.

ಮೇಡಂ ಆ ಫೋಟೋವನ್ನ ಎರಡು ಬೆರಳಲ್ಲಿ ಹಿಗ್ಗಿಸಿ ತಾರೀಖು ನೋಡಿದರು, ಸಹಿ ನೋಡಿದರು. ಮೊದಲ ಸಲ ಸ್ವಲ್ಪ ನಕ್ಕರು. ಮೂರು ವರ್ಷ ಮುಗಿಯೋ ಮೊದಲೇ ಬಾಕಿಯಲ್ಲಿ ಒಂದು ಭಾಗ ಕೊಟ್ಟಿದ್ದು, ಅದಕ್ಕೆ ಕೊಟ್ಟವರ ಕೈಬರಹವೋ ಸಹಿಯೋ ಇದ್ದರೆ, ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತಂತೆ. “ಕ್ಯಾಷ್ ಕೊಟ್ಟು ಕಳಿಸಿದ್ರೆ ನಿಮ್ಮ ಕಥೆ ಕಷ್ಟ ಇತ್ತು” ಅಂದರು. ಬಾಯಿ ಮುಚ್ಚಿಸೋಕೆ ಎಸೆದ ಚೆಕ್ಕೇ ನನ್ನ ಕೇಸಿಗೆ ಜೀವ ಕೊಟ್ಟಿತ್ತು.

ಇನ್ನೊಂದು ದಾರಿಯೂ ಇತ್ತು. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ, ಅಂತ 2006ರ ಕಾಯ್ದೆ ಹೇಳುತ್ತೆ. ಕೇಳಿ ಬಾಯಲ್ಲಿ ನೀರೂರಿತು. ಆದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋ ಉದ್ಯಮ್ ನೋಂದಣಿ ನಾನು ಮಾಡಿಸಿದ್ದು ಕೆಲಸ ಮುಗಿದ ಮರುವರ್ಷ, ಬ್ಯಾಂಕ್ ಸಾಲಕ್ಕೆ ಅಂತ. “ಆಮೇಲೆ ಮಾಡಿಸಿದ್ದು ಹಳೇ ಬಿಲ್ಲಿಗೆ ಆಗಿಬರೋದು ಕಷ್ಟ” ಅಂದರು. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಉಳಿದಿದ್ದು ಕಮರ್ಷಿಯಲ್ ಕೋರ್ಟು. ಕಟ್ಟಡ ಕಾಂಟ್ರಾಕ್ಟಿನ ಜಗಳ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಗೇ ಹೋಗಬೇಕು. ತುರ್ತು ಆದೇಶ ಬೇಕಾಗಿಲ್ಲ ಅಂದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ, ಅಂದರೆ ಮೂರನೆಯವರ ಮುಂದೆ ರಾಜಿ ಮಾತಿಗೆ, ಕೂರಲೇಬೇಕು. 2022ರಲ್ಲಿ ಸುಪ್ರೀಂ ಕೋರ್ಟು ಇದು ಕಡ್ಡಾಯ ಅಂತ ಹೇಳಿದೆಯಂತೆ. ಅರ್ಜಿಗೆ 1,000 ರೂಪಾಯಿ. ಎದುರಿನವರು ಬಂದು ಕೂತರೆ ನನ್ನಂಥ ಮೊತ್ತಕ್ಕೆ 15,000 ಶುಲ್ಕ, ಇಬ್ಬರೂ ಅರ್ಧರ್ಧ. ಮಧ್ಯಸ್ಥಿಕೆ ನಡೆದಷ್ಟು ದಿನ ಮೂರು ವರ್ಷದ ಲೆಕ್ಕಕ್ಕೆ ಸೇರಲ್ಲ.

ಮೊದಲು ನೋಟಿಸ್ ಹೋಯಿತು. ಉತ್ತರ ಬಂದಾಗ ಗೊತ್ತಾಯಿತು, ಇವರು ದುಡ್ಡು ಇಲ್ಲ ಅಂತಿಲ್ಲ, ಕೆಲಸವೇ ಕಡಿಮೆ ಅಂತಿದ್ದಾರೆ. ಬಾಗಿಲು ಕಿಟಕಿಯ ಖಾಲಿ ಜಾಗವನ್ನೆಲ್ಲ ಗೋಡೆಯ ಎರಡೂ ಮುಖದ ಅಳತೆಯಿಂದ, ಒಳಗೂ ಹೊರಗೂ, ಕಳೆದಿದ್ದರು. ನಾವು ಮೊದಲಿಂದಲೂ ಒಂದು ಮುಖ ಮಾತ್ರ ಕಳೆಯೋದು. ಯಾಕೆ ಅಂದರೆ ಕಿಟಕಿ ಸುತ್ತ ಒಳಬದಿ ಗಾರೆ ತಿರುಗಿಸಿ ಅಂಚು ಕೂರಿಸೋದಕ್ಕೆ ಬೇರೆ ದುಡ್ಡು ಕೇಳಲ್ಲ. ಕಳೆಯದೆ ಬಿಟ್ಟ ಮುಖದ ದುಡ್ಡಿಗೂ ಈ ಕೆಲಸಕ್ಕೂ ಸರಿಹೋಗುತ್ತೆ. ಡಿಪ್ಲೊಮಾ ಸಿವಿಲ್ ಓದುತ್ತಿರುವ ಮಗಳಿಗೆ ಹೇಳಿದೆ. ಅವಳು ಐಎಸ್ 1200, ಅಂದರೆ ಕಟ್ಟಡ ಕೆಲಸ ಅಳೆಯೋ ರೀತಿ ಹೇಳುವ ಭಾರತೀಯ ಮಾನಕ, ತೆಗೆದು ತೋರಿಸಿದಳು. ಅರ್ಧ ಚದರ ಮೀಟರಿನಿಂದ ಮೂರು ಚದರ ಮೀಟರ್‌ವರೆಗಿನ ತೆರೆದ ಜಾಗಕ್ಕೆ ಒಂದೇ ಮುಖ ಕಳೆಯಬೇಕು ಅಂತ ಅದರಲ್ಲೇ ಇದೆ! ಮೇಸ್ತ್ರಿಗಳ ಬಾಯಲ್ಲಿದ್ದ ಲೆಕ್ಕ ಪುಸ್ತಕದಲ್ಲೂ ಇತ್ತು ಅಂತ ಗೊತ್ತಾದ ದಿನ ಊಟ ಸ್ವಲ್ಪ ಜಾಸ್ತಿಯೇ ಸೇರಿತು. ನಾಲ್ಕು ಅಡಿಗೆ ನಾಲ್ಕು ಅಡಿ ಕಿಟಕಿ 120, ಏಳು ಅಡಿಗೆ ಮೂರು ಅಡಿ ಬಾಗಿಲು 120. ಇಷ್ಟರಲ್ಲೇ 84,360 ರೂಪಾಯಿ ವ್ಯತ್ಯಾಸ.

ಅವರ ಇನ್ನೊಂದು ತಕರಾರು, ಬಿರುಕು. ಕಾಂಕ್ರೀಟ್ ಕಂಬಕ್ಕೂ ಬ್ಲಾಕ್ ಗೋಡೆಗೂ ಕೂಡುವ ಕಡೆ ಚಿಕನ್ ಮೆಶ್ ಅನ್ನೋ ತಂತಿ ಬಲೆ ಹೊಡೆದು ಗಾರೆ ಹಾಕಬೇಕು, ಇಲ್ಲದಿದ್ದರೆ ಅಲ್ಲೇ ಸೀಳು ಬಿಡುತ್ತೆ. ಮೆಶ್ ಕೊಡಬೇಕಾದವರು ಅವರು. ಎರಡನೇ ಮಹಡಿ ಆದಮೇಲೆ ಸ್ಟಾಕ್ ಬರಲೇ ಇಲ್ಲ. “ಪರವಾಗಿಲ್ಲ, ಮೆಶ್ ಇಲ್ಲದೇ ಗಾರೆ ಹೊಡೀರಿ ಮೇಸ್ತ್ರಿ” ಅಂದಿದ್ದರು. ಹೊಡೆದೆ. ನನ್ನ ತಪ್ಪೂ ಇದೆ, ಆ ಮಾತನ್ನ ಬರೆಸಿಕೊಳ್ಳಬೇಕಿತ್ತು.

ಸೆಪ್ಟೆಂಬರಿನಲ್ಲಿ ಮಧ್ಯಸ್ಥಿಕೆಗೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡಕ್ಕೆ ಹೋದೆವು. ಮೊದಲ ದಿನಾಂಕಕ್ಕೆ ಬಿಲ್ಡರ್ ಕಡೆಯವರು ಬರಲಿಲ್ಲ. ಎರಡನೇ ಸಲವೂ ಬರದಿದ್ದರೆ ಆಗಲಿಲ್ಲ ಅಂತ ವರದಿ ಕೊಡುತ್ತಾರೆ, ಆಮೇಲೆ ಕೋರ್ಟು. ಎರಡನೇ ಸಲ ಇಸ್ತ್ರಿ ಶರ್ಟು ಹಾಕಿಕೊಂಡು ಒಂಬತ್ತೂವರೆಗೇ ಹೋಗಿ ಕೂತೆ. ಉಗುರಿನ ಸಂದಿಯ ಸಿಮೆಂಟು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಕಾಯೋವಾಗ ಅಭ್ಯಾಸಬಲ, ಪಕ್ಕದ ಗೋಡೆ ಮೇಲೆ ಅಂಗೈ ಆಡಿಸಿದೆ. ಮೇಡಂ “ಹೇಗಿದೆ?” ಅಂದರು. “ಮೂಲೆ ನೇರ ಇದೆ ಮೇಡಂ” ಅಂದೆ. ಹನ್ನೊಂದಕ್ಕೆ ಅವರ ಮ್ಯಾನೇಜರ್ ವಕೀಲರ ಜೊತೆ ಬಂದರು.

ಒಳಗೆ ಆಡಿದ ಮಾತು ಹೊರಗೆ ಹೇಳುವಂತಿಲ್ಲ, ಅಲ್ಲಿನ ನಿಯಮ. ಹಾಗಾಗಿ ಯಾರು ಏನಂದರು, ಎಷ್ಟಕ್ಕೆ ಮುಗಿಯಿತು ಅಂತ ಬರೆಯಲ್ಲ. ನಾನು ಒಯ್ದಿದ್ದನ್ನ ಹೇಳಬಹುದು. ಎರಡು ಕ್ವಾಯರಿನ ರಟ್ಟಿನ ನೋಟ್‌ಬುಕ್ಕು, ಅಂಚೆಲ್ಲ ಸಿಮೆಂಟು ನೀರಿಗೆ ಸೆಟೆದಿತ್ತು. ಪ್ರತಿ ಮಹಡಿಯ ಅಳತೆ, ಕೆಳಗೆ ಅವರದೇ ಸೈಟ್ ಎಂಜಿನಿಯರ್ ಸಹಿ. ನಡುವೆ ಒಂದು ಪುಟದಲ್ಲಿ ನಮ್ಮ ಮನೆ ಹಾಲಿನ ಲೆಕ್ಕ. ಅದನ್ನ ಹರಿಯೋಣ ಅಂತಿದ್ದೆ, ಮೇಡಂ ಬಿಡಲಿಲ್ಲ. “ಒಂದು ಹಾಳೆ ಹರಿದರೂ ಎಲ್ಲದರ ಮೇಲೂ ಅನುಮಾನ ಬರುತ್ತೆ” ಅಂದಿದ್ದರು.

ಆಮೇಲೂ ಎರಡು ಸಲ ಕೂತೆವು. ಕೊನೆಗೆ ಒಪ್ಪಂದಕ್ಕೆ ಸಹಿ ಬಿತ್ತು. ಆರ್ಬಿಟ್ರೇಷನ್ ತೀರ್ಪಿಗೆ, ಅಂದರೆ ಎರಡೂ ಕಡೆಯವರು ಒಪ್ಪಿ ಕೂರಿಸಿದ ಪಂಚರ ತೀರ್ಪಿಗೆ, ಇರುವ ಬೆಲೆಯೇ ಈ ಕಾಗದಕ್ಕೂ ಇದೆ, ಕೊಡದಿದ್ದರೆ ನೇರ ಜಾರಿಗೆ ಹೋಗಬಹುದು ಅಂತ ಮೇಡಂ ಮೆಟ್ಟಿಲಿಳಿಯುತ್ತಾ ವಿವರಿಸುತ್ತಿದ್ದರು. ನಾನು ಮನಸ್ಸಿನಲ್ಲೇ ಬಳೆ, ಸರ, ಹುಡುಗರ ಬಾಕಿ ಲೆಕ್ಕ ಹಾಕುತ್ತಿದ್ದೆ.

ಕೆಳಗೆ ಬೈಕ್ ಹತ್ತಿರ ಮ್ಯಾನೇಜರ್ ನಿಂತಿದ್ದರು. ಹೆಲ್ಮೆಟ್ ಕೈಯಲ್ಲೇ ಇತ್ತು. “ಮೇಸ್ತ್ರಿ, ಮನಸ್ಸಲ್ಲಿ ಏನೂ ಇಟ್ಕೋಬೇಡಿ. ಹೊಸಕೋಟೆ ಹತ್ರ ಇನ್ನೊಂದು ಸೈಟ್ ಶುರು ಆಗ್ತಿದೆ. ನಿಮ್ಮಷ್ಟು ನೀಟಾಗಿ ಹೊಡೆಯೋರು ಸಿಕ್ತಿಲ್ಲ.”

ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಟ್ಟಿದ್ದೇ “ಎಷ್ಟು ಅಡಿ ಬರುತ್ತೆ ಸಾರ್?” ಅಂದುಬಿಟ್ಟೆ.