ಮನೆಯಲ್ಲಿ ಗಾಳಿ ಆಡುತ್ತಿದೆಯಾ ನೋಡಿ

ಮೇ ತಿಂಗಳಲ್ಲಿ ರಾಯಚೂರಿನವರಿಗೆ ಕಿಟಕಿ ತೆಗೆದಿಡಿ ಎಂದರೆ ಯಾರು ಕೇಳುತ್ತಾರೆ? ಬೆಳಿಗ್ಗೆ ಹನ್ನೊಂದಕ್ಕೇ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಬಾಗಿಲು ಹಾಕಿ, ಕಿಟಕಿ ಹಾಕಿ, ಪರದೆ ಎಳೆದು, ಕೂಲರ್ ಹಚ್ಚಿ ಮನೆಮಂದಿಯೆಲ್ಲ ಒಂದೇ ರೂಮಿನಲ್ಲಿ ಮಲಗುವುದು ನಮ್ಮ ಕಡೆಯ ಬೇಸಿಗೆ. ಕೊರೊನಾದ ಎರಡನೇ ಅಲೆ ಬಂದದ್ದೂ ಇದೇ ಬಿಸಿಲಲ್ಲಿ, 2021ರ ಏಪ್ರಿಲ್–ಮೇನಲ್ಲಿ. ನಮ್ಮ ಓಣಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ವಾರದೊಳಗೆ ಇಡೀ ಮನೆ ಹಾಸಿಗೆ ಹಿಡಿಯುತ್ತಿತ್ತು. ತರಕಾರಿಯನ್ನು ಸೋಪಿನ ನೀರಲ್ಲಿ ತೊಳೆದವರು ಅವರು, ಹಾಲಿನ ಪ್ಯಾಕೆಟ್ಟನ್ನೂ ಒರೆಸಿ ಒಳಗೆ ತಂದವರು. ಅಷ್ಟು ಎಚ್ಚರಿಕೆ ಮಾಡಿದವರಿಗೆ ಗಾಳಿಯ ವಿಷಯವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಥ ವೈರಸ್ ಇನ್ನೊಂದು ಬಂದೇ ಬರುತ್ತದೆ, ಯಾವಾಗ ಅನ್ನುವುದಷ್ಟೇ ಪ್ರಶ್ನೆ.

ಕೊರೊನಾ ಮುಖ್ಯವಾಗಿ ಹರಡಿದ್ದು ಉಸಿರಿನಿಂದ. ಸೋಂಕು ಇರುವವರು ಕೆಮ್ಮಲೇಬೇಕೆಂದಿಲ್ಲ, ಮಾತಾಡಿದರೂ, ಹಾಡಿದರೂ, ಸುಮ್ನೆ ಉಸಿರಾಡಿದರೂ ಕಣ್ಣಿಗೆ ಕಾಣದ ಕಣಗಳು ಹೊರಬರುತ್ತವೆ. ದೊಡ್ಡ ಹನಿಗಳು 2 ಮೀಟರ್ ಒಳಗೆ ನೆಲಕ್ಕೆ ಬೀಳುತ್ತವೆ, ಸಣ್ಣ ಕಣಗಳು 10 ಮೀಟರ್‌ವರೆಗೂ ಹೋಗಬಲ್ಲವು ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇನಲ್ಲಿ ಹೇಳಿತು. ಮುಚ್ಚಿದ ರೂಮಿನಲ್ಲಿ ಊದಿನಕಡ್ಡಿಯ ಹೊಗೆ ಹೇಗೆ ತುಂಬಿಕೊಳ್ಳುತ್ತದೋ ಇವೂ ಹಾಗೆಯೇ ತುಂಬಿಕೊಳ್ಳುತ್ತವೆ. ಹಚ್ಚಿದವರು ಎದ್ದು ಹೋದರೂ ವಾಸನೆ ಉಳಿದಿರುತ್ತದೆ, ಅಲ್ವಾ?

ಈಗಲೇ ಒಂದು ಕಡ್ಡಿ ಹಚ್ಚಿ ನೋಡಿ. ನೀವು ರಾತ್ರಿ ಮಲಗುವ ರೂಮಿನಲ್ಲೇ, ಕಿಟಕಿ ಬಾಗಿಲು ನೀವು ದಿನಾ ಇಡುವ ಹಾಗೇ ಇಟ್ಟು. ಹೊಗೆ ಒಂದು ದಿಕ್ಕಿಗೆ ಎಳೆದುಕೊಂಡು ಹೊರಗೆ ಹೋಗುತ್ತಿದ್ದರೆ ಒಳ್ಳೆಯದು. ಅಲ್ಲೇ ಸುತ್ತಿ ಸುತ್ತಿ ಮೇಲೆ ನಿಂತರೆ ಆ ರೂಮಿನಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಎಲ್ಲರೂ ಎಳೆದುಕೊಳ್ಳುತ್ತಿದ್ದೀರಿ ಎಂದು ತಿಳಿಯಿರಿ. ಸೀಲಿಂಗ್ ಫ್ಯಾನ್ ಹಾಕಿದರೆ ಹೊಗೆ ಚದುರುತ್ತದೆ, ಹೊರಗೆ ಹೋಗುವುದಿಲ್ಲ. ಎಸಿಯೂ ಅಷ್ಟೇ. ಮನೆಗಳಲ್ಲಿರುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ.

ಕೂಲರ್ ವಿಷಯದಲ್ಲಿ ನಮ್ಮ ಕಡೆಯವರ ಅದೃಷ್ಟ ಚೆನ್ನಾಗಿದೆ. ಕೂಲರನ್ನು ಕಿಟಕಿಗೆ ಹೊರಗಿನಿಂದ ಕೂರಿಸಿದರೆ ಅದು ಹೊರಗಿನ ಗಾಳಿಯನ್ನು ಒದ್ದೆ ಹುಲ್ಲಿನ ಮೂಲಕ ಎಳೆದು ಒಳಗೆ ತಳ್ಳುತ್ತದೆ. ಎದುರಿನ ಕಿಟಕಿಯನ್ನೋ ಬಾಗಿಲನ್ನೋ ಒಂದು ಗೇಣು ತೆಗೆದಿಟ್ಟರೆ ಹಳೆಯ ಗಾಳಿ ಅಲ್ಲಿಂದ ಹೊರಟುಹೋಗುತ್ತದೆ. ತಂಪು ಹೊರಗೆ ಹೋಗುತ್ತೆ ಎಂದು ಮನೆಯಲ್ಲಿ ಬೈಯಬಹುದು. ಆದರೆ ಎಲ್ಲ ಮುಚ್ಚಿಟ್ಟಾಗ ಅರ್ಧ ಗಂಟೆಗೆ ರೂಮು ಜಿಗಿಜಿಗಿ ಆಗಿ ಕೂಲರ್ ತಣ್ಣಗೆ ಮಾಡುವುದೇ ಇಲ್ಲವಲ್ಲ, ಅದಕ್ಕೆ ಕಾರಣವೇ ಆ ತೇವ ಹೊರಗೆ ಹೋಗಲು ದಾರಿ ಇಲ್ಲದಿರುವುದು. ಕಿಟಕಿ ತೆಗೆದರೆ ತಂಪೂ ಜಾಸ್ತಿ, ಗಾಳಿಯೂ ಹೊಸದು. ಅದೇ ಕೂಲರನ್ನು ರೂಮಿನ ಮಧ್ಯ ತಂದಿಟ್ಟು ಬಾಗಿಲು ಹಾಕಿದರೆ ಏನೂ ಪ್ರಯೋಜನವಿಲ್ಲ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತಿತ್ತು, ಬಿಸಿ ಗಾಳಿ ತಾನಾಗಿ ಅಲ್ಲಿಂದ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಗಳಲ್ಲಿ ಅದಿಲ್ಲ. ಅಡುಗೆಮನೆಯ ಎಗ್ಜಾಸ್ಟ್ ಫ್ಯಾನನ್ನಾದರೂ ಹಾಕಿಡಿ.

ಮನೆಯಲ್ಲಿ ಒಬ್ಬರಿಗೆ ಸೋಂಕು ಬಂತು ಎಂದುಕೊಳ್ಳಿ. ಹೊರಗಡೆಗೆ ಕಿಟಕಿ ಇರುವ ರೂಮನ್ನು ಅವರಿಗೆ ಕೊಡಿ, ಆ ಕಿಟಕಿ ತೆಗೆದಿರಲಿ, ಪಡಸಾಲೆ ಕಡೆಯ ಬಾಗಿಲು ಹಾಕಿರಲಿ. ಟೇಬಲ್ ಫ್ಯಾನ್ ಇದ್ದರೆ ಕಿಟಕಿಯ ಹತ್ತಿರ ಹೊರಗೆ ಮುಖ ಮಾಡಿ ಇಡಿ. ಊಟ ಕೊಡಲು ಹೋಗುವವರು ಎನ್95 ಮಾಸ್ಕ್ ಹಾಕಲಿ, ಮೂಗಿನ ಮೇಲಿನ ತಂತಿಯನ್ನು ಒತ್ತಿ ಪಕ್ಕದಿಂದ ಗಾಳಿ ಸೋರದಂತೆ ನೋಡಿಕೊಳ್ಳಲಿ. ಒಂದೇ ರೂಮಿನ ಮನೆಯಾದರೆ? ಅಂಥ ಮನೆಗಳೇ ನಮ್ಮಲ್ಲಿ ಜಾಸ್ತಿ, ಸರ್ಕಾರದ ಸೂಚನೆಗಳಲ್ಲಿ 'ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ' ಎಂದು ಓದಿದಾಗ ನನಗೆ ಸಂಕಟವಾಗುತ್ತಿತ್ತು. ಅಂಥ ಮನೆಯಲ್ಲಿ ರೋಗಿಯ ಮಂಚ ಹಗಲು ಬೇವಿನ ಮರದ ನೆರಳಲ್ಲಿ, ರಾತ್ರಿ ಅಂಗಳದಲ್ಲೋ ಮಾಳಿಗೆ ಮೇಲೋ ಇರಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದು ನಮಗೆ ಹೊಸದೇನಲ್ಲ, ಹಾಸಿಗೆಗಳು ದೂರ ದೂರ ಇದ್ದರೆ ಸಾಕು.

ಮಾತಾಡಿಸಿಕೊಂಡು ಬರುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲ ಎಂದರೆ ಹಣ್ಣು, ಬ್ರೆಡ್ಡು ಹಿಡಿದು ಹೋಗಿ ತಲೆಯ ಹತ್ತಿರ ಕೂತು ಮಾತಾಡಿಸುತ್ತೇವೆ. ಇದು ಪ್ರೀತಿ, ಬಿಡಿ ಎಂದು ನಾನು ಹೇಳಲಾರೆ. ಆದರೆ ಕೊರೊನಾ ಬಂದವರು ಜ್ವರ ಶುರುವಾಗುವ ಎರಡು ದಿನ ಮೊದಲೇ ಬೇರೆಯವರಿಗೆ ಹರಡಬಲ್ಲರು. ನೋಡಲು ಬಂದವರು ಗಟ್ಟಿಮುಟ್ಟಾಗಿ ಕಂಡರೂ ಅವರಲ್ಲೇ ಸೋಂಕು ಇರಬಹುದು. ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಚಹಾ ಅಲ್ಲೇ ಕೊಡಿ. ಅವ್ವ, ಅಜ್ಜ ಇರುವ ಮನೆಯಲ್ಲಂತೂ ಇದರಲ್ಲಿ ಮುಲಾಜು ಬೇಡ. ಹತ್ತಿ ಬಿಡಿಸಲು ಹೋಗುವ ಕ್ರೂಸರ್, ಟಂಟಂಗಳಲ್ಲೂ ಅಷ್ಟೇ, ಗಾಜು ಇಳಿಸಿ, ಮಾಸ್ಕ್ ಹಾಕಿ.

ಬ್ಲೀಚಿಂಗ್ ಪೌಡರ್ ನೀರನ್ನು ರಸ್ತೆಗೆ ಸಿಂಪಡಿಸಿದ್ದರಿಂದ ಈ ವೈರಸ್ ನಿಲ್ಲುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಇದನ್ನು ಹೇಳಿತ್ತು. ಜನರ ಮೈಮೇಲೆ ಸಿಂಪಡಿಸುವುದು ಅಪಾಯವೇ. ಕೈ ತೊಳೆಯುವುದನ್ನು ಮಾತ್ರ ಬಿಡಬೇಡಿ, ವಾಂತಿಭೇದಿಯಂಥ ಎಷ್ಟೋ ರೋಗ ಅದರಿಂದ ತಪ್ಪುತ್ತವೆ.

ಸೋಂಕು ಬಂದ ಮೇಲೆ ದಿನ ಲೆಕ್ಕ ಇಡಿ. ಜ್ವರ ಯಾವತ್ತು ಶುರುವಾಯಿತು ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ. 2021ರಲ್ಲಿ ಬಹಳ ಜನ ಮೊದಲ ನಾಲ್ಕೈದು ದಿನ ಚೆನ್ನಾಗಿಯೇ ಇದ್ದು ಎರಡನೇ ವಾರದ ಹೊತ್ತಿಗೆ ಬಿದ್ದರು. ಆಕ್ಸಿಜನ್ ಇಳಿದರೂ ಕೆಲವರಿಗೆ ಉಸಿರುಗಟ್ಟಿದಂತೆ ಅನಿಸುವುದೇ ಇಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಬೇಕಾದದ್ದು ಇದಕ್ಕೇ. ಉಗುರಿಗೆ ಬಣ್ಣ ಇದ್ದರೆ ಅಳಿಸಿ, ಬೆರಳು ತಣ್ಣಗಿದ್ದರೆ ಉಜ್ಜಿ, ಒಂದು ನಿಮಿಷ ಅಲ್ಲಾಡದೆ ಕೂತು ನೋಡಿ. ಆಕ್ಸಿಜನ್ ಅಂಕಿ 94ಕ್ಕಿಂತ ಕೆಳಗೆ ಹೋದರೆ ನಾಳೆ ನೋಡೋಣ ಎನ್ನಬೇಡಿ, ಆಸ್ಪತ್ರೆಗೆ ಹೊರಡಿ.

ಊರಲ್ಲಿ ಜ್ವರ ಬಂದ ದಿನವೇ ಒಂದು ಇಂಜೆಕ್ಷನ್ ಮಾಡಿಸಿಕೊಂಡು ಗ್ಲೂಕೋಸ್ ಹಚ್ಚಿಸಿಕೊಂಡರೆ ಜನಕ್ಕೆ ಸಮಾಧಾನ. ಆ ಇಂಜೆಕ್ಷನ್ ಸ್ಟಿರಾಯ್ಡ್ ಆಗಿದ್ದರೆ ಕಷ್ಟ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಆಕ್ಸಿಜನ್ ಬೇಕಾದ ರೋಗಿಗಳ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಉಪಯೋಗ ಕಾಣಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಕಾಬಿಟ್ಟಿ ಸ್ಟಿರಾಯ್ಡ್ ಕೊಟ್ಟ ಮೇಲೆ ಕಪ್ಪು ಶಿಲೀಂಧ್ರ ಎಷ್ಟು ಜನರ ಕಣ್ಣು ತೆಗೆಯಿತು ಎಂದು ನಾವೆಲ್ಲ ನೋಡಿದ್ದೇವೆ. ಚೀಟಿಯಲ್ಲಿ ಏನು ಬರೆದಿದ್ದಾರೆ, ಯಾಕೆ ಎಂದು ಕೇಳುವುದು ನಿಮ್ಮ ಹಕ್ಕು. ಲಸಿಕೆ ಬಂದಾಗ ಮನೆಯ ಹಿರಿಯರಿಗೆ ಮೊದಲು ಹಾಕಿಸಿ. ಹಾಕಿಸಿಕೊಂಡರೂ ಸೋಂಕು ಬರಬಹುದು, ಆದರೆ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವುದು ಬಹಳ ಕಡಿಮೆಯಾಗುತ್ತದೆ.

ಆ ಬೇಸಿಗೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಆಕ್ಸಿಜನ್ ಹೊತ್ತು ಊರೂರಿಗೆ ಹೋದವು, ಕಾರ್ಖಾನೆ ಪಕ್ಕದಲ್ಲೇ 1000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಕೊಪ್ಪಳದ ಗವಿಮಠ 100 ಹಾಸಿಗೆಗೆ ಜಾಗ ಕೊಟ್ಟಿತು. ಅಷ್ಟು ದೊಡ್ಡ ಕೆಲಸ ನಮ್ಮ ಭಾಗದಲ್ಲಿ ಆಗಿದೆ. ಆದರೆ ಇವತ್ತಿಗೂ ಎಷ್ಟೋ ಶಾಲೆಗಳಲ್ಲಿ ಕಿಟಕಿಗೆ ಅಡ್ಡವಾಗಿ ಬೀರು ನಿಂತಿದೆ, ಅಂಗನವಾಡಿಯ ಕಿಟಕಿಗೆ ರಟ್ಟು ಹೊಡೆದಿದ್ದಾರೆ. ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋದಾಗ ಎದ್ದು ನಿಂತು ಆ ಬೀರು ಸರಿಸಲು ಹೇಳಿ. ಸರಿಸಲು ನಾಲ್ಕು ಜನ ಬೇಕಾದರೆ ನೀವೂ ಒಂದು ಕೈ ಹಾಕಿ.